ವಾರಂಟಿ ರಿಪೇರಿ: ಮೆಕ್ಯಾನಿಕ್ ಲೇಬರ್ ಲೆಕ್ಕದಲ್ಲಿ ಬದಲಾವಣೆ

ಸದಸ್ಯ ರೈತರಿಗೆ ನಮಸ್ಕಾರ.

ಮುಂದಿನ ತಿಂಗಳ 1ರಿಂದ ನಮ್ಮ ಸಂಘದ ವರ್ಕ್‌ಶಾಪಿನಲ್ಲಿ ಟ್ರ್ಯಾಕ್ಟರ್ ವಾರಂಟಿ ಕೆಲಸಕ್ಕೂ ಮೆಕ್ಯಾನಿಕ್‌ಗೆ ದುಡಿದಷ್ಟು ಗಂಟೆಗೆ ಲೇಬರ್ (ಕೆಲಸದ ಕೂಲಿ) ಕೊಡುತ್ತೇವೆ. ಈವರೆಗೆ ಟ್ರ್ಯಾಕ್ಟರ್ ತಯಾರಿಸಿದ ಕಂಪನಿ ಮಂಜೂರು ಮಾಡಿದಷ್ಟೇ ಅವರ ಕೈ ಸೇರುತ್ತಿತ್ತು, ಅದೂ ಕಂಪನಿಗೆ ಕಳಿಸಿದ ವಾರಂಟಿ ಕ್ಲೇಮ್ ಪಾಸಾದ ಮೇಲೆ.

ಯಾವ ಕೆಲಸಕ್ಕೆ ಎಷ್ಟು ಗಂಟೆ ಎಂಬ ಪಟ್ಟಿ ಕಂಪನಿಯದೇ. ಅದು ಹೆಚ್ಚಾಗಿ ಬಿಚ್ಚಿ ಜೋಡಿಸುವ ಹೊತ್ತಿನ ಲೆಕ್ಕ. ದೋಷ ಹುಡುಕುವುದು, ಕೆಸರು ಕೆರೆಯುವುದು, ತುಕ್ಕು ಹಿಡಿದ ಬೋಲ್ಟಿನ ಜೊತೆ ಗುದ್ದಾಡುವುದು ಅದರಲ್ಲಿ ಹಿಡಿಯುವುದಿಲ್ಲ. ಉಪಕರಣ ಎತ್ತುವ ಹೈಡ್ರಾಲಿಕ್ ಲಿಫ್ಟ್ ಸರಿಯಾಗಿ ಏಳುತ್ತಿಲ್ಲ ಎಂದು ಗಾಡಿ ಬಂತೆನ್ನಿ. ಮೊದಲು ಆಯಿಲ್ ಮಟ್ಟ, ಆಮೇಲೆ ಆಯಿಲ್ ಹೀರುವ ಕಡೆಯ (ಸಕ್ಷನ್) ಜಾಲರಿ, ನಂತರ ಗೇಜ್ ಹಾಕಿ ಪಂಪಿನ ಒತ್ತಡ ನೋಡಬೇಕು. ಎತ್ತಿದ ರೋಟವೇಟರ್ ಎಂಜಿನ್ ಆಫ್ ಮಾಡಿದ ಮೇಲೆ ತಾನಾಗಿ ಕೆಳಗಿಳಿದರೆ ಅದಕ್ಕೆ ಪಂಪ್ ಕಾರಣವಲ್ಲ. ಸಿಲಿಂಡರಿನ ಸೀಲ್ ಅಥವಾ ವಾಲ್ವ್ ಸೋರುತ್ತಿರುತ್ತದೆ. ಇಷ್ಟು ಪರೀಕ್ಷೆಗೆ ಅರ್ಧ ದಿನ ಹೋದರೂ ಹಣ ಬರುವುದು ಸೀಲ್ ಬದಲಿಸಿದ್ದಕ್ಕೆ ಮಾತ್ರ. ಹೀಗಿದ್ದಾಗ ಮೆಕ್ಯಾನಿಕ್ ದುಡ್ಡು ಕೊಡುವ ಗಾಡಿಯನ್ನು ಮೊದಲು ಹಿಡಿಯುತ್ತಾನೆ, ಇಲ್ಲವೇ ಅಂದಾಜಿನ ಮೇಲೆ ಪಂಪೇ ಬದಲಿಸಿ ಕೈ ತೊಳೆದುಕೊಳ್ಳುತ್ತಾನೆ. ಅವನನ್ನು ದೂರಿ ಫಲವಿಲ್ಲ, ತಪ್ಪು ಲೆಕ್ಕದ್ದು.

ಇನ್ನು ಮುಂದೆ ಜಾಬ್ ಕಾರ್ಡಿನಲ್ಲಿ (ಗಾಡಿಯ ಕೆಲಸದ ವಿವರ ಬರೆಯುವ ಚೀಟಿ) ದೋಷ ಹುಡುಕಿದ ಸಮಯ, ರಿಪೇರಿ ಸಮಯ ಬೇರೆ ಬೇರೆ ಬರೆಯುತ್ತೇವೆ. ಎರಡಕ್ಕೂ ಒಂದೇ ದರ. ಕಂಪನಿ 4 ಗಂಟೆ ಮಂಜೂರು ಮಾಡಿ ಕೆಲಸ 7 ಗಂಟೆ ಹಿಡಿದರೆ ಉಳಿದ 3 ಗಂಟೆಯ ಹೊರೆ ಸಂಘದ್ದು. ಅದನ್ನು ತೂಗಿಸಲು ವಾರಂಟಿ ಮುಗಿದ ಗಾಡಿಗಳ ಲೇಬರ್ ದರವನ್ನು ಗಂಟೆಗೆ 30 ರೂಪಾಯಿ ಏರಿಸಿದ್ದೇವೆ. ಇದು ಕೆಲವರಿಗೆ ಹಿಡಿಸಲಿಕ್ಕಿಲ್ಲ, ಗೊತ್ತು.

ಕ್ಲೇಮ್ ತಿರಸ್ಕಾರವಾದರೆ ಮಾತ್ರ ಪರೀಕ್ಷೆಯ ಲೇಬರ್ ನಿಮ್ಮ ಮೇಲೆ ಬೀಳುತ್ತದೆ. ಡೀಸೆಲ್‌ನಲ್ಲಿ ನೀರು ಸೇರಿ ಇಂಜೆಕ್ಟರ್ ಪಂಪ್ ಕೆಟ್ಟಿದ್ದರೆ, ಏರ್ ಕ್ಲೀನರ್ ನೋಡಿಕೊಳ್ಳದೆ ಎಂಜಿನ್ನಿಗೆ ಧೂಳು ಹೊಕ್ಕಿದ್ದರೆ ಕಂಪನಿ ಒಪ್ಪುವುದಿಲ್ಲ. ಕ್ಲಚ್ ಪ್ಲೇಟ್, ಫಿಲ್ಟರ್‌ನಂಥ ಸವೆಯುವ ಭಾಗಗಳೂ ಸಾಮಾನ್ಯವಾಗಿ ವಾರಂಟಿಯಲ್ಲಿಲ್ಲ. ಟಯರ್, ಬ್ಯಾಟರಿಗೆ ಅವುಗಳ ಕಂಪನಿಯೇ ಹೊಣೆ. ಕೆಸರುಗದ್ದೆ ಉತ್ತ ಮೇಲೆ ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ ಎಂದರ್ಥ. ಆ ಗಾಡಿ ಓಡಿಸದೆ ತಕ್ಷಣ ತಿಳಿಸಿ. ಓಡಿಸಿ ಬೇರಿಂಗ್ ಹೋದ ಮೇಲೆ ಕಂಪನಿಯ ಮುಂದೆ ನಿಮ್ಮ ವಾದ ನಿಲ್ಲುವುದಿಲ್ಲ.

ಗಾಡಿ ತರುವಾಗ ಸರ್ವಿಸ್ ಪುಸ್ತಕ, ಖರೀದಿ ಬಿಲ್ ಜೊತೆಗಿರಲಿ. ಎಂಜಿನ್ ಓಡಿದ ಗಂಟೆ ತೋರಿಸುವ ಅವರ್ ಮೀಟರ್ ನಿಂತಿದ್ದರೆ ಮುಂಚೆಯೇ ಹೇಳಿ, ರೀಡಿಂಗ್ ಇಲ್ಲದ ಕ್ಲೇಮ್‌ಗೆ ತಕರಾರು ಖಚಿತ. ಬಿಚ್ಚಿದ ಹಳೆಯ ಭಾಗವನ್ನು ಕಂಪನಿ ಕೇಳುವವರೆಗೂ ಚೀಟಿ ಕಟ್ಟಿ ನಾವೇ ಇಟ್ಟುಕೊಳ್ಳುತ್ತೇವೆ, ಮನೆಗೆ ಒಯ್ಯಲು ಕೇಳಬೇಡಿ. ಗಾಡಿ ವಾಪಸ್ ಒಯ್ಯುವ ಮುನ್ನ ಜಾಬ್ ಕಾರ್ಡಿನ ಗಂಟೆಗಳನ್ನು ಓದಿ ನೋಡಿಯೇ ಸಹಿ ಹಾಕಿ.

ಇಂತಿ,
ಸಂಘದ ವರ್ಕ್‌ಶಾಪ್ ವಿಭಾಗ