‘ಸೀಲಿ’ ಎಂಬ ಹಳೆಯ ಸುಖ: ಯುವ ಬರಹಗಾರರಿಗೊಂದು ಪತ್ರ

ಪ್ರಿಯ ತರುಣ ಮಿತ್ರರಿಗೆ, ನಮಸ್ಕಾರಗಳು.

ನೀವು ಕಳುಹಿಸಿದ ಪ್ರಬಂಧವನ್ನು ಓದಿದೆ. ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ಬಳಕೆ ತಪ್ಪಿರುವ ‘ಸೀಲಿ’ ಎಂಬ ಪದವನ್ನು ಎತ್ತಿಕೊಂಡು, ಅದರ ಅರ್ಥ ‘ಸುಖಿ’ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಸಾಗಿದ್ದೀರಿ. ಅರ್ಥ ಸರಿಯೇ. ಆದರೆ ಅದು ಯಾವ ಕಾಲದ ಅರ್ಥ ಎಂಬುದನ್ನು ಹೇಳದೆ ಬಳಸಿದರೆ ಅಪರೂಪದ ಪದ ಬರಿಯ ಒಡವೆಯಾಗಿ ಉಳಿಯುತ್ತದೆ.

ಹಳೆಯ ಇಂಗ್ಲಿಷಿನ ‘ಸ್ಯಾಲ್’ ಎಂಬ ನಾಮಪದಕ್ಕೆ ತಕ್ಕ ಸಮಯ ಎಂಬ ಅರ್ಥವೂ ಇತ್ತು, ಸುಖ ಎಂಬ ಅರ್ಥವೂ ಇತ್ತು. ‘ಅವನಿಗೆ ಕಾಲ ಕೂಡಿಬಂತು’ ಎಂದು ನಾವು ಹೇಳುವಾಗಲೂ ಕಾಲ ಮತ್ತು ಭಾಗ್ಯ ಹೀಗೆಯೇ ಒಂದಾಗುತ್ತವೆ. ಅದರಿಂದ ಹುಟ್ಟಿದ ವಿಶೇಷಣವು ಮೊದಲು ಭಾಗ್ಯವಂತನಿಗೆ, ಬಳಿಕ ದೇವರ ಕೃಪೆಗೆ ಪಾತ್ರನಾದವನಿಗೆ, ಆಮೇಲೆ ನಿಷ್ಕಪಟಿಗೆ, ಯಾರು ಬೇಕಾದರೂ ಮೋಸಗೊಳಿಸಬಹುದಾದ್ದರಿಂದ ಕನಿಕರಕ್ಕೆ ಅರ್ಹನಾದವನಿಗೆ, ಕಡೆಗೆ ಪೆದ್ದನಿಗೆ ಸಲ್ಲುತ್ತ ಬಂದು ಇಂದಿನ ‘ಸಿಲ್ಲಿ’ ಆಗಿದೆ. ಈ ಇಳಿಜಾರಿನ ನಡುವೆ ನಿಂತವನು ಚಾಸರ್ ಕವಿ. 14ನೆಯ ಶತಮಾನದ ಕೊನೆಗೆ ಅವನು ಬರೆದ ಗಿರಣಿಯವನ ಕಥೆಯಲ್ಲಿ, ಎರಡನೆಯ ಜಲಪ್ರಳಯ ಬರುತ್ತದೆಂಬ ವಿದ್ಯಾರ್ಥಿಯ ಮಾತನ್ನು ನಂಬಿ ಮಾಡಿನಿಂದ ತೊಟ್ಟಿಗಳನ್ನು ತೂಗುಹಾಕಿ, ತಾನೂ ಒಂದರಲ್ಲಿ ಮಲಗಿ, ಹೆಂಡತಿಯಿಂದ ವಂಚಿತನಾಗುವ ಬಡಗಿಗೆ ಮತ್ತೆ ಮತ್ತೆ ಅಂಟಿಕೊಳ್ಳುವ ವಿಶೇಷಣ ಇದೇ. ಅಲ್ಲಿ ‘ಸುಖಿ’ ಎಂದು ಅನುವಾದಿಸಿದರೆ ಕಥೆ ಕೆಡುತ್ತದೆ, ‘ಮೂರ್ಖ’ ಎಂದರೆ ಕವಿಯ ಕನಿಕರ ಕೈತಪ್ಪುತ್ತದೆ. ನಾನಾದರೆ ‘ಪಾಪದವನು’ ಎಂದು ಬರೆದೇನು. 1611ರ ಇಂಗ್ಲಿಷ್ ಬೈಬಲಿನಲ್ಲಿ, ತಿಮೊಥೆಯನಿಗೆ ಬರೆದ ಎರಡನೆಯ ಪತ್ರದೊಳಗೆ ‘ಸಿಲ್ಲಿ’ ಸ್ತ್ರೀಯರ ಮಾತು ಬರುವ ಹೊತ್ತಿಗೆ ಆ ಕನಿಕರವೂ ತೆಳುವಾಗಿದೆ.

ಜರ್ಮನ್ ಭಾಷೆಯ ಸೋದರ ಪದ ‘ಜೇಲಿಗ್’ ಮಾತ್ರ ಹಳೆಯ ಮರ್ಯಾದೆಯನ್ನು ಬಿಟ್ಟಿಲ್ಲ. ಪರಮಾನಂದದಲ್ಲಿರುವವನಿಗೂ ಅದೇ ಪದ, ನಾವು ‘ಸ್ವರ್ಗೀಯ’ ಎನ್ನುವಂತೆ ತೀರಿಹೋದ ತಂದೆಗೂ ಅದೇ ಪದ.

ನೀವು ಕನ್ನಡದಲ್ಲಿ ಬರೆಯುತ್ತಿರುವುದರಿಂದ ‘ಮುಗ್ಧ’ವನ್ನು ಮರೆಯಬೇಡಿ. ಅದೂ ‘ಮೂಢ’ವೂ ಸಂಸ್ಕೃತದ ‘ಮುಹ್’ ಎಂಬ ಒಂದೇ ಧಾತುವಿನಿಂದ ಬಂದವು. ದಿಕ್ಕು ತೋಚದವನನ್ನು ಹೇಳುತ್ತಿದ್ದ ಪದ ಮೇಲೇರಿ, ನಾವು ಮಗುವಿನ ನಗೆಗೆ ಮೀಸಲಿಡುವ ಪದವಾಯಿತು. ‘ಸೀಲಿ’ ಇಳಿದ ಮೆಟ್ಟಿಲನ್ನೇ ಇದು ಹತ್ತಿದೆ ಎಂಬ ಸಂಗತಿ, ನನ್ನ ದೃಷ್ಟಿಯಲ್ಲಿ, ನಿಮ್ಮ ಪ್ರಬಂಧದ ಎರಡು ಪುಟಗಳ ಸಂತೋಷದ ವರ್ಣನೆಗಿಂತ ಹೆಚ್ಚು ಬೆಲೆಯುಳ್ಳದ್ದು. ಆ ವರ್ಣನೆಯನ್ನು ಕೈಬಿಡಿ.

ಮೂರನೆಯ ಪುಟದಲ್ಲಿ ನಿಮ್ಮ ಅಜ್ಜಿಯನ್ನು ‘ಸೀಲಿ’ ಎಂದು ಕರೆದಿದ್ದೀರಿ. ಅವರು ಭಾಗ್ಯವಂತೆಯೋ, ನಿಷ್ಕಪಟಿಯೋ, ಸುಲಭವಾಗಿ ಮೋಸಹೋಗುವವರೋ ಎಂಬುದನ್ನು ನೀವೇ ನಿರ್ಧರಿಸಿ, ಅದು ತಿಳಿಯುವಂಥ ಒಂದು ಪ್ರಸಂಗವನ್ನು ಅಲ್ಲಿ ಸೇರಿಸಿ ಕಳುಹಿಸಿ.

ಇತಿ,
ನಿಮ್ಮ ಹಿತೈಷಿ