ಇಳಿಜಾರಿನಲ್ಲಿ ಜೋಪಾನ, ದೇಚಮ್ಮ

ವಿರಾಜಪೇಟೆ
ಆಗಸ್ಟ್ 24

ಚಿ. ದೇಚಮ್ಮಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಜನವರಿಯ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಡಲೇ ಎಂದು ಕೇಳಿದ್ದೀಯ. ಉತ್ತರ ನಿನ್ನ ಡೈರಿಯಲ್ಲೇ ಇದೆ. ಕಳೆದ ಮೂರು ತಿಂಗಳು, ಈ ಮಳೆಯಲ್ಲೂ, ವಾರಕ್ಕೆ 25–30 ಕಿ.ಮೀ. ನೋವಿಲ್ಲದೆ ಓಡಿದ್ದರೆ ಕೊಡು. ಎರಡು ವಾರ ಓಡಿ ಒಂದು ವಾರ ಬಿಟ್ಟಿದ್ದರೆ ಈ ಸಲವೂ ಹಾಫ್, ಅಂದರೆ ಅರ್ಧ ಮ್ಯಾರಥಾನ್, ಓಡು, ಪೂರ್ತಿಯದು ಬರುವ ವರ್ಷಕ್ಕಿರಲಿ. 42.195 ಕಿ.ಮೀ. ಎಂದರೆ ಎರಡು ಹಾಫ್ ಎಂದು ಲೆಕ್ಕ ಹಾಕಬೇಡ. ಸ್ನಾಯು, ಲಿವರ್‌ಗಳಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಹೆಚ್ಚಿನವರಿಗೆ 30–32 ಕಿ.ಮೀ. ಹೊತ್ತಿಗೆ ತಳ ಕಾಣುತ್ತದೆ. ಹಾಫ್‌ನಲ್ಲಿ ಆ ಜಾಗ ಬರುವುದೇ ಇಲ್ಲ.

ಓಟ ಜನವರಿಯ ಮೂರನೇ ಭಾನುವಾರದ ಸುಮಾರಿಗೆ. ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಮುಗಿಸಿ ಸೆಪ್ಟೆಂಬರ್ ಮೊದಲ ವಾರ ಶುರು ಮಾಡಿದರೆ ಹತ್ತೊಂಬತ್ತು ವಾರ ಸಿಗುತ್ತದೆ. ಅಷ್ಟು ಸಾಕು. ವಾರಕ್ಕೆ ನಾಲ್ಕೇ ದಿನ ಓಡು: ಮಂಗಳವಾರ, ಗುರುವಾರ 7–10 ಕಿ.ಮೀ., ಶನಿವಾರ 5, ಭಾನುವಾರ ಉದ್ದದ ಓಟ. ಭಾನುವಾರದ್ದು 14ರಿಂದ ಹೊರಟು ವಾರಕ್ಕೆ ಎರಡು ಕಿ.ಮೀ. ಏರಲಿ. ಪ್ರತಿ ನಾಲ್ಕನೇ ವಾರ ಕಾಲು ಭಾಗ ಇಳಿಸು. ಆ ಇಳಿಸಿದ ವಾರದಲ್ಲೇ ಮೈ ತನ್ನನ್ನು ಸರಿಪಡಿಸಿಕೊಳ್ಳುವುದು, ಅದನ್ನು ಸೋಮಾರಿತನ ಅಂದುಕೊಳ್ಳಬೇಡ. ವಾರದ ಒಟ್ಟು ಓಟ 50 ಕಿ.ಮೀ. ದಾಟಿಸುವ ಅಗತ್ಯ ನಿನಗಿಲ್ಲ. ಅತಿ ಉದ್ದದ ಓಟ 28–30 ಕಿ.ಮೀ. ಅಥವಾ ಮೂರೂವರೆ ಗಂಟೆ, ಯಾವುದು ಮೊದಲು ಬರುತ್ತದೋ ಅಲ್ಲಿಗೆ ನಿಲ್ಲಿಸು. ಅಂಥದ್ದು ಎರಡು ಸಾಕು, ಎರಡನೆಯದು ಓಟಕ್ಕೆ ಮೂರು ವಾರ ಮೊದಲು ಮುಗಿದಿರಬೇಕು. ಆಮೇಲೆ ಮಾಡುವ ಯಾವ ಸಾಹಸವೂ ಶಕ್ತಿ ಕೊಡುವುದಿಲ್ಲ, ದಣಿವನ್ನಷ್ಟೇ ಉಳಿಸುತ್ತದೆ.

ವೇಗದ ಬಗ್ಗೆ ಕೇಳಿದ್ದೀಯ. ಹಾಫ್ 2 ಗಂಟೆ 15 ನಿಮಿಷದಲ್ಲಿ ಓಡಿದವಳು ಮೊದಲ ಮ್ಯಾರಥಾನ್‌ಗೆ 4 ಗಂಟೆ 55 ನಿಮಿಷ ಇಟ್ಟುಕೊಳ್ಳುವುದು ನ್ಯಾಯ. ಅಂದರೆ ಕಿ.ಮೀ.ಗೆ 7 ನಿಮಿಷ. ತಾಲೀಮಿನ ಹೆಚ್ಚಿನ ಓಟ ಅದಕ್ಕಿಂತಲೂ ನಿಧಾನವಾಗಿರಲಿ. ಮಡಿಕೇರಿಯಲ್ಲಿ ವಾಚು ನೋಡಿ ಓಡಿದರೆ ಕೆಡುತ್ತೀಯ. ಗಾಳಿಬೀಡು ರಸ್ತೆಯ ಏರಿನಲ್ಲಿ 7 ನಿಮಿಷ ಹಿಡಿಯಲು ಹೋದರೆ ಉಸಿರು ಕಟ್ಟುತ್ತದೆ, ಇಳಿಯುವಾಗ ಅದೇ 7 ನಿಮಿಷ ನಡಿಗೆಯ ಹಾಗಿರುತ್ತದೆ. ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದೆಯಾ, ಅಷ್ಟೇ ನೋಡು. ಆಗದಿದ್ದರೆ ನಡೆ. ಏರಿನಲ್ಲಿ ನಡೆಯುವುದಕ್ಕೆ ನಾಚಿಕೆ ಬೇಡ.

ನನಗೆ ಹೆಚ್ಚು ಭಯವಿರುವುದು ಇಳಿಜಾರಿನದು. ನಮ್ಮೂರಿನವರು ಏರು ಹತ್ತಿ ಬೀಗುತ್ತಾರೆ, ಇಳಿಯುವಾಗ ಕಾಲು ಕಳೆದುಕೊಳ್ಳುತ್ತಾರೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಆದ್ದರಿಂದ ಅದರ ಎಳೆಗಳು ಸಣ್ಣಗೆ ಹರಿಯುತ್ತವೆ. ಎರಡನೇ ದಿನ ಮೆಟ್ಟಿಲು ಇಳಿಯಲಾಗದಂತೆ ನೋಯುವುದು ಇದಕ್ಕೇ. ಹೆಜ್ಜೆ ಚಿಕ್ಕದಿರಲಿ, ಪಾದ ಸೊಂಟದ ಕೆಳಗೇ ಬೀಳಲಿ, ಮಂಡಿ ತುಸು ಬಾಗಿರಲಿ. ಹಿಂದಕ್ಕೆ ವಾಲಿ ಹಿಮ್ಮಡಿಯಲ್ಲಿ ಬ್ರೇಕ್ ಹಾಕಿದರೆ ಪೆಟ್ಟು ನೇರ ಮಂಡಿಗೆ. ಮಡಿಕೇರಿಯಿಂದ ಸುಂಟಿಕೊಪ್ಪದ ಕಡೆಗೆ ಒಂದೇ ಸಮ ಇಳಿದು, ಬಸ್ಸಿನಲ್ಲಿ ವಾಪಸು ಬರುವ ಯೋಚನೆ ಈಗಲೇ ಬಿಡು. ಉದ್ದದ ಓಟಕ್ಕೆ ಎರಡು ವಾರಕ್ಕೊಮ್ಮೆ ಕುಶಾಲನಗರಕ್ಕೆ ಹೋಗಿ ಕೂಡಿಗೆ, ಹೆಬ್ಬಾಲೆ ಕಡೆಯ ಸಮತಟ್ಟು ರಸ್ತೆಯಲ್ಲಿ ಓಡು. ಮುಂಬೈಯಲ್ಲಿ ಐದು ಗಂಟೆ ಒಂದೇ ಬಗೆಯ ಹೆಜ್ಜೆ ಹಾಕಬೇಕಲ್ಲ, ಅದಕ್ಕೂ ಅಭ್ಯಾಸ ಬೇಕು. ವಾರಕ್ಕೆ ಎರಡು ದಿನ ಮನೆಯ ಮೆಟ್ಟಿಲ ಮೇಲೆ ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ನಿಧಾನವಾಗಿ ಕೆಳಗಿನ ಮೆಟ್ಟಿಲಿಗೆ ಇಳಿಸು, ಹದಿನೈದರಂತೆ ಮೂರು ಸಲ. ಹಿಮ್ಮಡಿ ಎತ್ತಿ ಇಳಿಸುವುದೂ ಅಷ್ಟೇ.

ಶೂ ಕೊಳ್ಳುವುದಾದರೆ ಸಂಜೆ ಹೋಗು, ಆಗ ಪಾದ ಸ್ವಲ್ಪ ಊದಿರುತ್ತದೆ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗವಿರಲಿ. ಇಲ್ಲದಿದ್ದರೆ ಇಳಿಜಾರಿನಲ್ಲಿ ಬೆರಳು ಮುಂದೆ ತಾಗಿ ಉಗುರು ಕಪ್ಪಾಗುತ್ತದೆ. ಒದ್ದೆಯಾದರೆ ಒಳಹಾಸು ತೆಗೆದು ಹಳೆ ಪೇಪರ್ ತುರುಕು. ಒಲೆಯ ಪಕ್ಕ ಇಟ್ಟರೆ ಅಂಟು ಬಿಡುತ್ತದೆ.

ಬೆಳಕು ಹರಿಯುವ ಮುನ್ನ ತೋಟದ ರಸ್ತೆಗೆ ಇಳಿಯಬೇಡ. ಸಿದ್ದಾಪುರದ ಕಡೆ ಹೋದಾಗಲಂತೂ ಆನೆ ಎಲ್ಲಿದೆ ಎಂದು ತೋಟದ ಲೈನ್‌ಮನೆಗಳ ಕೆಲಸದವರನ್ನು ಕೇಳಿಯೇ ಹೊರಡು. ಕಿವಿಯಲ್ಲಿ ಹಾಡು ಬೇಡವೇ ಬೇಡ. ಜಿಗಣೆ ಹತ್ತಿದರೆ ಎಳೆಯದೆ ಉಗುರಿನಿಂದ ಬದಿಗೆ ಜಾರಿಸು, ಸ್ವಲ್ಪ ಹೊತ್ತು ರಕ್ತ ಹರಿದರೆ ಗಾಬರಿಯಾಗಬೇಡ.

ಈಗ ಹೆಣ್ಣುಮಕ್ಕಳ ವಿಷಯ. ಹಿಮೋಗ್ಲೋಬಿನ್ ಜೊತೆಗೆ, ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಂಶ ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಈ ತಿಂಗಳೇ ಮಾಡಿಸು. ಕಬ್ಬಿಣದಂಶ ಕಡಿಮೆಯಿದ್ದರೆ ಎಷ್ಟು ಓಡಿದರೂ ಉಸಿರು ಸಾಲದು, ನೀನು ನಿನ್ನನ್ನೇ ಬಯ್ದುಕೊಳ್ಳುತ್ತೀಯ. ಊಟದ ಜೊತೆಗೇ ಕಾಫಿ ಕುಡಿಯುವ ನಮ್ಮ ಮನೆಯ ರೂಢಿ ಕಬ್ಬಿಣ ಹೀರುವುದನ್ನು ತಡೆಯುತ್ತದೆ. ಒಂದು ಗಂಟೆಯಾದರೂ ಬಿಟ್ಟು ಕುಡಿ. ಸೊಪ್ಪು, ಮಾಂಸದ ಜೊತೆ ಕಿತ್ತಳೆಯೋ ನಿಂಬೆಯೋ ಇರಲಿ. ಓಟ ಹೆಚ್ಚಿದಂತೆ ಮುಟ್ಟು ತಪ್ಪಿದರೆ ಅದನ್ನು ಅನುಕೂಲ ಅಂದುಕೊಳ್ಳಬೇಡ. ಓಡುವಷ್ಟು ಉಣ್ಣುತ್ತಿಲ್ಲ ಎಂಬುದರ ಗುರುತಿರಬಹುದು, ಹಾಗಾದರೆ ಮೂಳೆ ಸೊರಗುತ್ತದೆ. ಮೊಣಕಾಲ ಕೆಳಗಿನ ಮೂಳೆಯಲ್ಲಿ ಒಂದೇ ಕಡೆ ಬೆರಳಿಟ್ಟಾಗ ನೋವಾದರೆ, ಓಡಿದಂತೆಲ್ಲ ಹೆಚ್ಚಾದರೆ, ಅಂದೇ ನಿಲ್ಲಿಸಿ ಡಾಕ್ಟರಿಗೆ ತೋರಿಸು. ಸ್ನಾಯುವಿನ ಬಿಗಿತ ಹಾಗಲ್ಲ, ಮೈ ಬಿಸಿಯಾದಂತೆ ಸಡಿಲುತ್ತದೆ.

ಓಡುತ್ತಾ ತಿನ್ನುವುದನ್ನೂ ಕಲಿಯಬೇಕು. ಮೊದಲ 40 ನಿಮಿಷ ಕಳೆದ ಮೇಲೆ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ, ಪಿಷ್ಟ ಒಳಗೆ ಹೋಗಬೇಕು. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ, ಹೆಬ್ಬೆಟ್ಟು ಗಾತ್ರದ ಬೆಲ್ಲದಚ್ಚಿನಲ್ಲಿ 15–20 ಗ್ರಾಂ. ಹಸಿವಾದ ಮೇಲೆ ತಿಂದರೆ ತಡವಾಯಿತು. ಹಿಂದಿನ ರಾತ್ರಿ ನೂಪುಟ್ಟು (ಅಕ್ಕಿ ಶಾವಿಗೆ), ತೆಳ್ಳಗಿನ ಕೋಳಿ ಸಾರು ಸಾಕು. ಪಂದಿ ಕರಿಯ ಕೊಬ್ಬು ಬೆಳಿಗ್ಗೆಗೂ ಹೊಟ್ಟೆಯಲ್ಲಿ ಭಾರವಾಗಿರುತ್ತದೆ, ಅದು ಓಟ ಮುಗಿದ ಮೇಲೆ.

ನೀರಿನ ಲೆಕ್ಕ ತೂಕದಿಂದ ಮಾಡು. ಒಂದು ಗಂಟೆಯ ಓಟಕ್ಕೆ ಹೊರಡುವ ಮುನ್ನ ಒಮ್ಮೆ, ಮುಗಿಸಿದ ಮೇಲೆ ಒಮ್ಮೆ ತೂಗಿಕೋ. ನಡುವೆ ನೀರು ಕುಡಿಯದಿದ್ದರೆ ಅರ್ಧ ಕಿಲೋ ಇಳಿದದ್ದು ಸುಮಾರು ಅರ್ಧ ಲೀಟರ್ ಬೆವರು. ಹೊರಟಾಗಿನದಕ್ಕಿಂತ ತೂಕ ಏರಿತು ಎಂದರೆ ಅತಿಯಾಗಿ ಕುಡಿದಿದ್ದೀಯ. ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಕರಿಕೆಯಿಂದ ಹಿಡಿದು ಪ್ರಾಣಾಪಾಯದವರೆಗೂ ಹೋಗಬಹುದು.

ಮುಂಬೈಯ ಪೆಡ್ಡರ್ ರಸ್ತೆಯ ಏರಿಗೆ ಎಲ್ಲರೂ ಹೆದರುತ್ತಾರೆ, ನಿನಗೆ ಅದು ಹೊಸದಲ್ಲ. ನಿನ್ನನ್ನು ಕಾಡುವುದು ಕಡಲ ಬದಿಯ ಸೆಖೆ. ಬೆವರು ಆರದೆ ಮೈ ತಣಿಯುವುದಿಲ್ಲ, ಅದೇ ವೇಗಕ್ಕೆ ಎದೆ ಹೆಚ್ಚು ಬಡಿಯುತ್ತದೆ. ಸಾವಿರ ಮೀಟರ್‌ಗೂ ಮೇಲಿರುವ ಮಡಿಕೇರಿಯ ಚಳಿಯಲ್ಲಿ ಇದು ತಿಳಿಯುವುದೇ ಇಲ್ಲ. ಡಿಸೆಂಬರಿನಲ್ಲಿ ಎರಡು ಭಾನುವಾರ ಸಂಪಾಜೆ ಘಾಟಿ ಇಳಿದು ಸುಳ್ಯದಲ್ಲಿ ಓಡು. ಎರಡು ದಿನದಲ್ಲಿ ಮೈ ಒಗ್ಗದು, ಆದರೆ ವೇಗ ಎಷ್ಟು ಇಳಿಸಬೇಕು, ಎಷ್ಟು ಕುಡಿಯಬೇಕು ಎಂಬುದು ಗೊತ್ತಾಗುತ್ತದೆ. ಅರೇಬಿಕಾ ಹಣ್ಣು ಕೊಯ್ಯುವ ಕಾಲವೂ ಅದೇ. ಶನಿವಾರವಿಡೀ ತೋಟದಲ್ಲಿ ನಿಂತು ಭಾನುವಾರ 28 ಓಡಬೇಡ. ಅಪ್ಪನಿಗೆ ಈಗಲೇ ಹೇಳಿ ಆ ಶನಿವಾರಗಳನ್ನು ಬಿಡಿಸಿಕೋ.

ಓಟದ ದಿನ ಮೊದಲ 5 ಕಿ.ಮೀ. 7 ನಿಮಿಷ 15 ಸೆಕೆಂಡಿನಂತೆ ಹೋಗು. ಎಲ್ಲರೂ ನಿನ್ನನ್ನು ದಾಟುತ್ತಾರೆ, ದಾಟಲಿ.

ಸುಳ್ಯಕ್ಕೆ ಹೋಗುವ ಭಾನುವಾರಗಳು ಯಾವುವು ಎಂದು ಬರೆ. ಬಾಳೆಹಣ್ಣು, ನೀರು, ಒಣ ಬಟ್ಟೆ ಇಟ್ಟುಕೊಂಡು ಜೀಪಿನಲ್ಲಿ ನಾನು ಬರುತ್ತೇನೆ.

ನಿನ್ನ
ದೊಡ್ಡಮ್ಮ