ಬಣ್ಣದ ಬೆನ್ನು ಹಿಡಿದು ತಟ್ಟೆಯವರೆಗೆ ಹೋಗು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕೆಲಸಕ್ಕೆ ಸೇರಿದ ಸುದ್ದಿ ಓದಿ ಸಂತೋಷವಾಯಿತು. ಆದರೆ ಪತ್ರದ ಮುಕ್ಕಾಲು ಪಾಲು ಪ್ರಯೋಗಾಲಯದ ಅಂಕಿಗಳೇ. ಯಾವ ಗೆಣಸಿನ ತಳಿಯಲ್ಲಿ ಎಷ್ಟು ಬೀಟಾ ಕ್ಯಾರೋಟಿನ್, ಅಂದರೆ ಮೈಯೊಳಗೆ ವಿಟಮಿನ್ ಎ ಆಗುವ ಆ ಕಿತ್ತಳೆ ಬಣ್ಣ, ಎಂದು ಅಳೆದು ಹಿಗ್ಗಿದ್ದೀಯೆ. ಹಿಗ್ಗು, ಬೇಡವೆನ್ನುವುದಿಲ್ಲ. ತಳಿ ಬೆಳೆಸುತ್ತಲೇ ತಲೆ ನರೆಸಿಕೊಂಡ ನಾನೂ ಆ ಅಂಕಿಗಳನ್ನು ಪೂಜಿಸಿದವನೇ. ಅವು ಹೊಲದಿಂದ ಬಾಯಿಗೆ ಬರುವ ದಾರಿಯಲ್ಲಿ ಎಷ್ಟು ಸೋರುತ್ತವೆ ಎಂಬುದು ನನಗೆ ತಡವಾಗಿ ತಿಳಿಯಿತು.

ಕಿತ್ತಳೆ ತಿರುಳಿನ ಸಿಹಿಗೆಣಸನ್ನೇ ತೆಗೆದುಕೋ. ಬೇಯಿಸಿದ 100 ಗ್ರಾಂ ಗೆಣಸಿನಿಂದ ಸುಮಾರು 780 ಮೈಕ್ರೋಗ್ರಾಂನಷ್ಟು ವಿಟಮಿನ್ ಎ ದೊರೆಯಬಲ್ಲದು. ನಾಲ್ಕರಿಂದ ಎಂಟು ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು 400. ಬಿಳಿ ತಿರುಳಿನದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನೇರಳೆ ಗೆಣಸನ್ನು ಕಂಡು ಮೋಸಹೋಗಬೇಡ, ಅದರ ಬಣ್ಣ ಆಂಥೋಸಯನಿನ್ ಎಂಬ ಬೇರೆ ವಸ್ತುವಿನದು, ಅದು ವಿಟಮಿನ್ ಎ ಆಗುವುದಿಲ್ಲ. ಮೊಟ್ಟೆ, ಹಾಲು ಅಪರೂಪವಾದ ಮನೆಯಲ್ಲಿ ಹೊತ್ತು ಹೊತ್ತಿಗೂ ಹೊಟ್ಟೆ ತುಂಬಿಸುವುದು ಒಂದೇ ಗೆಡ್ಡೆ, ಒಂದೇ ಧಾನ್ಯ. ಹಗಲೆಲ್ಲ ಓಡಾಡಿದ ಮಗು ವಿಟಮಿನ್ ಎ ಸಾಲದೆ, ಮುಸ್ಸಂಜೆಯಲ್ಲಿ ಕಣ್ಣು ಕಾಣದೆ ತಡಕಾಡಲು ಶುರುಮಾಡುವುದು ಅಂಥ ಮನೆಗಳಲ್ಲೇ.

ಇನ್ನು ಸೋರಿಕೆಯ ಮಾತು. ಒಮ್ಮೆ ಒಳ್ಳೆಯ ಫಸಲು ಬಂದಿತ್ತು. ಗೆಣಸನ್ನು ತೆಳುವಾಗಿ ಹೆಚ್ಚಿ, ಸುಡುಬಿಸಿಲಿಗೆ ಒಣಗಿಸಿ, ಗಾಜಿನ ಭರಣಿಗೆ ತುಂಬಿ ಕಿಟಕಿಯ ಬಳಿ ಇಟ್ಟೆ. ಕೆಲವೇ ತಿಂಗಳಲ್ಲಿ ಕಿತ್ತಳೆ ಹೋಗಿ ಒಣಹುಲ್ಲಿನ ಬಣ್ಣ ಬಂತು. ಬೆಳಕು, ಗಾಳಿ, ಬಿಸಿ ಮೂರೂ ಸೇರಿ ಕ್ಯಾರೋಟಿನ್ ನುಂಗಿದ್ದವು. ನಿನ್ನ ದೊಡ್ಡಮ್ಮ ಇಂದಿಗೂ ಆ ಭರಣಿಯನ್ನು ನೆನಪಿಸಿ ನಗುತ್ತಾಳೆ. ನೆರಳಿನಲ್ಲಿ ಒಣಗಿಸಿ, ಬೆಳಕು ಬೀಳದಂತೆ ಇಟ್ಟರೆ ನಷ್ಟ ತಗ್ಗುತ್ತದೆ, ನಿಲ್ಲುವುದಿಲ್ಲ. ಉಳಿದದ್ದು ಮೈಗೆ ಹತ್ತಬೇಕಾದರೂ ಊಟದಲ್ಲಿ ಒಂದಿಷ್ಟು ಜಿಡ್ಡು ಬೇಕು.

ಸೋರಿಕೆಗೆ ತಿನ್ನುವವರ ಮನಸ್ಸು ಇನ್ನೂ ದೊಡ್ಡ ದಾರಿ. ಆಫ್ರಿಕಾದ ಜಾಂಬಿಯಾದಲ್ಲಿ ಬಿಳಿ ಮೆಕ್ಕೆಜೋಳವೇ ಮರ್ಯಾದೆಯ ಊಟ; ಹಳದಿಯದೆಂದರೆ ಬರಗಾಲದ ನೆರವು, ಇಲ್ಲವೇ ದನದ ಮೇವು ಎಂಬ ಭಾವನೆ. 2012ರಲ್ಲಿ ವಿಟಮಿನ್ ಎ ಕೊಡುವ ಮೆಕ್ಕೆಜೋಳದ ತಳಿಗಳು ಅಲ್ಲಿಗೆ ಬಂದಾಗ ಅವನ್ನು ‘ಹಳದಿ’ ಎನ್ನದೆ ‘ಕಿತ್ತಳೆ’ ಎಂದೇ ಕರೆದರು. ಹೆಸರಿಟ್ಟವರ ಜಾಣತನಕ್ಕೆ ನನ್ನದೊಂದು ನಮಸ್ಕಾರ. ಗೆಣಸಿನದು ಬೇರೆ ತಕರಾರು: ಕಿತ್ತಳೆ ತಳಿಗಳಲ್ಲಿ ನೀರಿನಂಶ ಹೆಚ್ಚು, ಆಫ್ರಿಕಾದ ದೊಡ್ಡವರಿಗೆ ಹಿಟ್ಟುಹಿಟ್ಟಾದದ್ದೇ ಇಷ್ಟ. ಮರಿಯಾ ಆಂದ್ರಾದೆ, ರಾಬರ್ಟ್ ಮ್ವಾಂಗಾ ಅವರಂಥ ತಳಿಗಾರರು ಹೆಣಗಿದ್ದು ಇದರ ಜೊತೆಗೂ. 2016ರ ವಿಶ್ವ ಆಹಾರ ಪ್ರಶಸ್ತಿಯನ್ನು ಅವರೊಡನೆ ಹಂಚಿಕೊಂಡ ಇನ್ನಿಬ್ಬರು ಅರ್ಥಶಾಸ್ತ್ರ ಓದಿದವರು, ಗಮನಿಸು.

ಚಿನ್ನದ ಅಕ್ಕಿಯ ಬಗ್ಗೆ, ಅಂದರೆ ಕಾಳಿನಲ್ಲೇ ಬೀಟಾ ಕ್ಯಾರೋಟಿನ್ ಬರುವಂತೆ ಜೀನ್ ಸೇರಿಸಿದ ಭತ್ತದ ಬಗ್ಗೆ, ನೀನು ಕೇಳಿದ್ದೀಯೆ. ಪೊಟ್ರಿಕುಸ್ ಮತ್ತು ಬೇಯರ್ ಎಂಬ ವಿಜ್ಞಾನಿಗಳು 2000ದಲ್ಲಿ ಅದನ್ನು ಲೋಕದ ಮುಂದಿಟ್ಟರು. ಫಿಲಿಪ್ಪೀನ್ಸ್ 2021ರಲ್ಲಿ ಬೆಳೆಯಲು ಅನುಮತಿ ಕೊಟ್ಟಿತು, 2024ರಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು ರದ್ದುಮಾಡಿತು. ನನಗೆ ಅದರ ಮೇಲೆ ದ್ವೇಷವಿಲ್ಲ; ಆದರೆ ಗೆಣಸಿನ ಬಳ್ಳಿಯನ್ನು ತುಂಡರಿಸಿ ಪಕ್ಕದ ಹೊಲದವರಿಗೆ ಕೊಡಲು ಯಾರ ಅಪ್ಪಣೆಯೂ ಬೇಕಿಲ್ಲವಲ್ಲ ಎಂದು ಅನ್ನಿಸುತ್ತದೆ.

ಮುಂದಿನ ಪತ್ರದಲ್ಲಿ ಅಗೆದ ದಿನದ ಅಂಕಿಯ ಪಕ್ಕಕ್ಕೆ, ಮೂರು ತಿಂಗಳು ಕೂಡಿಟ್ಟು ಬೇಯಿಸಿದ ಮೇಲಿನ ಅಂಕಿಯನ್ನೂ ಬರೆ. ಎರಡನೆಯದನ್ನೇ ನಾನು ಮೊದಲು ಓದುತ್ತೇನೆ.

ಇಂತು ನಿನ್ನ,
ದೊಡ್ಡಪ್ಪ